ಕೈಗಡ

ಬಾರಣ್ಣ ನನಗೆ ಸಾವಿರ ರೂಪಾಯಿ ಕೊಡಬೇಕು.
ಬರೆದಿಟ್ಟಿಲ್ಲ. ಸಾಕ್ಷಿ ಮೌಲಾಲಿ, ಮತ್ತೆ
ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಎದುರು
ಅವನ ಕಾರ್ಡು ನುಂಗಿ ಸುಮ್ಮನೆ ನಿಂತ ಎಟಿಎಂ.

ಅಸಲು ಹೆಸರು ಬಾರ್ನಾ. ಹಂಗೇರಿಯವನು.
ಹಟ್ಟಿಯ ಗಣಿಗೆ ಹೊಸ ತಕ್ಕಡಿ ಕೂಡಿಸಲು ಬಂದಿದ್ದ,
ಉಸಿರು ತಾಗಿದರೂ ಅಂಕಿ ಬದಲಿಸುವಂಥದ್ದು.
ಬಾರ್ನಾ ಅನ್ನಲು ನಾಲಿಗೆ ತೊಡರಿ ಬಾರಣ್ಣ ಅಂದೆವು,
ಕರೆದಂತೆಯೂ ಆಯಿತು, ಹೆಸರಿಟ್ಟಂತೆಯೂ ಆಯಿತು.

ನನ್ನದು ಅದಿರು ಪರೀಕ್ಷೆ.
ಟನ್ನು ಕಲ್ಲಿಗೆ ಮೂರು ಗ್ರಾಂ.
ಸೀಸದ ಜೊತೆ ಕರಗಿಸಿ, ಸೀಸವನ್ನು ಬೂದಿಬಟ್ಟಲಿಗೆ ಕುಡಿಸಿ,
ಕೊನೆಗೆ ಉಳಿಯುವುದು ಸಾಸಿವೆಗಿಂತ ಸಣ್ಣದೊಂದು ಕಣ್ಣು.
ಚಿಮಟದಲ್ಲಿ ಎತ್ತಿ ತೋರಿಸಿದೆ.
"ಅರಞ್," ಅಂದ.
"ಅರಣ್ಯ? ಇಲ್ಲೆಲ್ಲಿ ಅದ ಅರಣ್ಯ, ಬಳ್ಳಾರಿ ಜಾಲಿ ಬಿಟ್ಟರ?"
ಮೌಲಾಲಿ ನಕ್ಕ. ಬಾರಣ್ಣ ನಗಲಿಲ್ಲ,
ಆ ಕಣ್ಣಿಗೇ ಬೆರಳು ತೋರಿ ಮತ್ತೆ ಅಂದ: ಅರಞ್.
ನನಗೆ ಸಂಸ್ಕೃತ ಮಾಸ್ತರರ ಬೆತ್ತ ನೆನಪಾಯಿತು:
ಹಿರಣ್ಯಂ, ಹಿರಣ್ಯೇ, ಹಿರಣ್ಯಾನಿ.
ತಲೆಯ ಅಕ್ಷರ ಎಲ್ಲಿ ಬಿತ್ತು, ಯಾವ ಹುಲ್ಲುಗಾವಲಲ್ಲಿ,
ಯಾವ ಕುದುರೆಯ ಬೆನ್ನಿನಿಂದ?

ಅಂದಿನಿಂದ ಸಂಜೆಯಾದರೆ ಇದೇ ಚಟ.
ಕ್ಯಾಂಟೀನಿನಲ್ಲಿ ಮಂಡಾಳು ಒಗ್ಗರಣೆ, ಎರಡೆರಡು ಮಿರ್ಚಿ,
ರದ್ದಾದ ಸ್ಯಾಂಪಲ್ ಚೀಟಿಗಳ ಬೆನ್ನ ಮೇಲೆ ಪದಗಳು.
ಆಕಳಿಗೆ ತೆಹೇನ್ ಅಂದ, ನಾನು ಧೇನು ಅಂದೆ.
ಏಳಕ್ಕೆ ಹೇತ್, ವಾರಕ್ಕೂ ಹೇತ್.
"ಹಫ್ತಾ!" ಮೌಲಾಲಿ ಬೆಂಚು ಬಡಿದ,
ಸೋಮವಾರ ಸೋಮವಾರ ಕಟ್ಟುವವನಿಗೆ ತಿಳಿಯದೆ?
ಮೇಜ್ ಅಂದಾಗ ದ್ಯಾವಮ್ಮ ಮೇಜು ಒರೆಸಿದಳು.
ಅವನು ಕೇಳಿದ್ದು ಜೇನು, ನಮ್ಮ ಮಧುವಿಗೆ ಏನೋ ಆಗಬೇಕಂತೆ.
ಜೇನಿರಲಿಲ್ಲ. ಬೆಲ್ಲ ಕೊಟ್ಟಳು.

ಸಾವಿರಕ್ಕೆ ಎಜೆರ್. ಮೌಲಾಲಿಯದು ಹಜಾರ್.
ಹಳೆಯ ಶಾಸನದ್ದು ಸಾಸಿರ, ಅದರ ಬೆನ್ನಿಗೆ ಸಹಸ್ರ.
ಒಂದೇ ಬೆಂಚಿನ ಮೇಲೆ ಇಷ್ಟು ಸಾವಿರ,
ಮೂವರ ಜೇಬು ತಡವಿದರೆ ಚಹಾಕ್ಕಾಗುವಷ್ಟು.

"ಹಂಗಾದರ ನಾವು ಬೀಗರೇನು?"
ಅಲ್ಲವಂತೆ. ಅವನ ಮಾತಿನ ಮನೆತನ ಬೇರೆ,
ಕನ್ನಡವೂ ಆ ಮನೆಯದಲ್ಲ.
ಇಬ್ಬರೂ ಒಬ್ಬನೇ ಸಾಹುಕಾರನ ಪಡಸಾಲೆಗೆ
ಬೇರೆ ಬೇರೆ ಬಾಗಿಲಿಂದ, ಬೇರೆ ಬೇರೆ ಕಾಲಕ್ಕೆ ಹೋಗಿ
ಕಡ ತಂದವರು.
ಕೊಟ್ಟವನಿಗೆ ಒಂದಕ್ಷರ ಕಮ್ಮಿಯಾಗಲಿಲ್ಲ,
ತಂದವರು ಯಾರೂ ತೀರಿಸಲಿಲ್ಲ.
ಹೊನ್ನು ಮಾತ್ರ ನಮ್ಮದು, ಅಂದೆ, ತುಸು ಜಂಬದಿಂದ.
ನೀರಿಗೆ ವೀಜ್, ಅದು ನಮ್ಮದು, ಅಂದ.
ಆಮೇಲೆ ಗ್ಲಾಸನ್ನೇ ನೋಡುತ್ತ,
ಅದಕ್ಕೂ ಜಗಳ ನಡೆದದ, ಅಂದ.

ಒಂದು ದಿನ, ಶಿಫ್ಟಿನ ಸೈರನ್ ಆದಮೇಲೆ,
ಗೇಟಿನಾಚೆ ಬುತ್ತಿ ಹಿಡಿದ ನನ್ನ ಮಗಳು
"ಅಪ್ಪಾ" ಅಂತ ಕೂಗಿದಳು.
ತಿರುಗಿದವರು ಇಬ್ಬರು.
ಅವರಲ್ಲಿ ಅಪ.
ಚೀಟಿ ತೆಗೆದೆ. ಬರೀಬೇಡ, ಅಂದ.
ಇದು ಲೆಕ್ಕಕ್ಕಿಲ್ಲ, ಪಂಡಿತರು ಒಪ್ಪುವುದಿಲ್ಲ,
ಹಾಲು ಕುಡಿದ ತುಟಿ ಮುಚ್ಚಿ ತೆರೆದರೆ
ಯಾವ ನಾಡಲ್ಲೂ ಇಂಥದೇ ಸದ್ದು.
ಕಡವೂ ಅಲ್ಲ, ನಂಟೂ ಅಲ್ಲ.
ಅಂದವನು ನಮ್ಮ ಬುತ್ತಿಯ ಸಜ್ಜೆರೊಟ್ಟಿ ಮುರಿದು
ಬಹಳ ಹೊತ್ತು ಅಗಿದ.

ತಕ್ಕಡಿ ಕೂತಿತು. ಅವನು ಹೋದ.
ಚೀಟಿಗಳು ಡ್ರಾಯರಿನಲ್ಲಿವೆ, ಒಂದು ಮಗ್ಗುಲಿಗೆ ಗ್ರಾಂ, ಒಂದು ಮಗ್ಗುಲಿಗೆ ಪದ.
ಮೊನ್ನೆ ಬರೆಯದ ಚೀಟಿಯೊಂದನ್ನು ತೂಗಿದೆ.
ಪೆನ್ಸಿಲಿನಿಂದ ಅದರ ಮೇಲೆ ಎರಡೇ ಅಕ್ಷರ ಗೀಚಿ
ಮತ್ತೆ ಇಟ್ಟೆ.
ಕೊನೆಯ ಅಂಕಿ ಕದಲಿತು.
"ಹಜಾರ್ ಬಂತೇನು?" ಮೌಲಾಲಿ ಹೊಸ್ತಿಲಲ್ಲಿ.
ಮೊದಲು ಬಾಗಿಲು ಹಾಕು, ಅಂದೆ,
ಗಾಳಿಗೆ ನಿಲ್ಲವಲ್ದು.